ಟೇಪಿನ ಇನ್ನೊಂದು ತುದಿ

ಗೆಳೆಯರೇ, ಇವತ್ತು ಬೆಳಿಗ್ಗೆ ಚಾಮರಾಜಪೇಟೆಯಲ್ಲಿ ಒಬ್ಬ ಮಹಾನುಭಾವರ ದರ್ಶನವಾಯಿತು.

ಐವತ್ತು ದಾಟಿದ ಶ್ರೀಪತಿಗೆ ಬುದ್ಧಿ ಏಳೆಂಟು ವರ್ಷದ ಮಗುವಿನದು. ತಾಯಿ ತೀರಿಕೊಂಡ ಮೇಲೆ ಅವನಿಗೂ ಅವನ ಹೆಸರಿನಲ್ಲಿರುವ ಪುಟ್ಟ ಮನೆಗೂ ಕೋರ್ಟ್ ನನ್ನನ್ನು ಗಾರ್ಡಿಯನ್ ಆಗಿ ನೇಮಿಸಿದೆ. ಇವತ್ತು ಹೋಗಿ ನೋಡಿದರೆ, ಅವನ ಅಣ್ಣ ಕಂಟ್ರಾಕ್ಟರನನ್ನು ಕರೆತಂದು ಮನೆಯ ಅಳತೆ ಮಾಡಿಸುತ್ತಿದ್ದಾರೆ. ಟೇಪಿನ ಇನ್ನೊಂದು ತುದಿ ಹಿಡಿದು ಖುಷಿಯಾಗಿ ನಿಂತವನು ಶ್ರೀಪತಿಯೇ!

“ಏನ್ ಸಾರ್ ಇದು?” ಎಂದೆ.

“ಸುಮ್ನೆ ಮೇಡಂ, ಪೇಂಟಿಂಗ್‌ಗೆ,” ಎಂದರು ಅಣ್ಣ.

ಶ್ರೀಪತಿ ತಿದ್ದಿದ: “ಅಲ್ಲ ಅಕ್ಕ, ಮನೆ ಒಡೀತಾರಂತೆ. ನನ್ ರೂಮ್ ಬಿಟ್ಬಿಡು ಅಂತ ಅಣ್ಣಂಗೆ ಹೇಳಿದೀನಿ.”

ಕಂಟ್ರಾಕ್ಟರ್ ತಲೆ ತಗ್ಗಿಸಿ ಟೇಪ್ ಸುತ್ತಿಕೊಂಡ. ಅಣ್ಣನಿಗೆ ಅಷ್ಟು ನಾಚಿಕೆಯೂ ಇಲ್ಲ. “ಇವನಿಗೇನ್ ಮೇಡಂ, ಯಾವ್ದಾದ್ರೂ ಆಶ್ರಮದಲ್ಲಿ ಆರಾಮಾಗಿರ್ತಾನೆ,” ಎಂದರು, ತಮ್ಮನ ಎದುರಿಗೇ.

“ಕೋರ್ಟ್ ಒಪ್ಪದೆ ಒಂದು ಇಟ್ಟಿಗೇನೂ ಮುಟ್ಟೋ ಹಾಗಿಲ್ಲ. ಹೊರಡಿ,” ಎಂದೆ.

ಇಬ್ಬರೂ ಹೊರಟರು. ಶ್ರೀಪತಿ ಗೇಟಿನ ತನಕ ಹೋಗಿ ಟಾಟಾ ಮಾಡಿ ಬಂದ.

ತಮ್ಮನನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದು ಕೋರ್ಟಿಗೆ ಬರೆದುಕೊಟ್ಟವರು ಇವರೇ. ಗೋಡೆ ಅಳೆಯಲು ಮಾತ್ರ ಆಫೀಸಿಗೆ ರಜೆ ಹಾಕಿ ಬಂದಿದ್ದರು.