ಬಡಿಸಿದವಳ ಎಲೆ

ಮೈದಾ ಅಂಟು ಕುದಿಯುವ ವಾಸನೆಯನ್ನು ಯಾರೂ ಪರಿಮಳ ಎನ್ನಲಾರರು. ಹಸಿ ಹಿಟ್ಟು, ನೀರು, ಜಿರಲೆ ಮುಟ್ಟದಿರಲೆಂದು ಹಾಕಿದ ಚಿಟಿಕೆ ಮೈಲುತುತ್ತ, ಅಷ್ಟೇ. ಆದರೂ ಪ್ರತಿ ದೀಪಾವಳಿಗೆ ಕಲ್ಯಾಣದ ಈ ಫ್ಲಾಟಿನಲ್ಲಿ ಆಕಾಶಬುಟ್ಟಿಗೆ ಕಾಗದ ಅಂಟಿಸಲು ನಾನು ಹಟ ಹಿಡಿದು ಒಲೆಯ ಮೇಲೇ ಅಂಟು ಕಾಯಿಸುತ್ತೇನೆ. ಅಂಗಡಿಯ ಅಂಟು ಕಪಾಟಿನಲ್ಲೇ ಇದೆಯಲ್ಲ ಎಂದು ಮಗಳು ನಗುತ್ತಾಳೆ, ನಗಲಿ. ಹಿಟ್ಟು ಗಟ್ಟಿಯಾಗುತ್ತಾ ಬಂದಂತೆ ಠಾಕುರ್ಲಿಯಲ್ಲಿ ಹಳಿಯ ಪಕ್ಕಕ್ಕಿದ್ದ ಅಜ್ಜಿಯ ಮನೆ ಆವಿಯೊಳಗಿಂದ ಮೆಲ್ಲಗೆ ಎದ್ದು ಬರುತ್ತದೆ. ಎರಡು ಕೋಣೆ, ಮೇಲೊಂದು ಅಟ್ಟ, ಲೋಕಲ್ ಹೋದಾಗಲೆಲ್ಲ ನಡುಗುವ ಸ್ಟೀಲಿನ ತಟ್ಟೆಗಳು. ರೈಲು ಬಂದರೆ ಅಜ್ಜಿ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದಳು. ಎಲ್ಲ ಮನೆಗಳಲ್ಲೂ ಜನ ಹೀಗೇ ಮಾತಾಡುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ.

ಆ ಮನೆಯನ್ನು ಹಿಡಿದದ್ದು ಅಜ್ಜಿಯ ಅಪ್ಪ, ನನ್ನ ಮುತ್ತಜ್ಜ. ಉಡುಪಿ ಕಡೆಯ ಹಳ್ಳಿಯೊಂದರಿಂದ ನಮ್ಮವರಲ್ಲಿ ಮೊದಲು ಇತ್ತ ಬಂದವನು ಅವನು. ಕಲ್ಯಾಣ ಸ್ಟೇಷನ್ನಿನ ಹೊರಗೆ ಚಹಾದ ಅಂಗಡಿ ಇಟ್ಟ, ಕಳವಾ ಊರಿನ ಚಂದ್ರಭಾಗಾ ಎಂಬ ಮರಾಠಿ ಹೆಂಗಸನ್ನು ಮದುವೆಯಾದ, ಆಮೇಲೆ ಊರಿನಿಂದ ಒಬ್ಬೊಬ್ಬರನ್ನೇ ಕರೆಸಿಕೊಂಡ. ಬಂದವರೆಲ್ಲ ಈ ಅಟ್ಟದ ಮೇಲೆ ಮಲಗಿದರು. ಕುಚ್ಚಲಕ್ಕಿಯನ್ನು ಕಂಡೇ ಇರದಿದ್ದ ಚಂದ್ರಭಾಗಾ ಅದನ್ನು ಬೇಯಿಸಲು ಕಲಿತು ಅವರಿಗೆಲ್ಲ ಬಡಿಸಿದಳು. ಅವಳ ಕಾಲ ಮುಗಿದ ಮೇಲೆ ಅವಳ ಒಬ್ಬಳೇ ಮಗಳು, ನನ್ನ ಸುಮತಿ ಅಜ್ಜಿ, ಅದೇ ಸೌಟು ಹಿಡಿದಳು. ಕೆಲಸ ಸಿಕ್ಕವರು ಡೊಂಬಿವಲಿ, ಘಣಸೋಲಿ ಎಂದು ಚದುರಿಹೋದರು. ಹಾಗೆ ಹೋದವರಲ್ಲಿ ಭೋಜ ಮಾಮನೂ ಒಬ್ಬ. ಮುತ್ತಜ್ಜನ ತಂಗಿಯ ಮಗಳ ಮಗ ಅವನು, ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿಕೊಂಡು ನಿವೃತ್ತನಾಗಿದ್ದ.

ನಾನು ಶಾಲೆಗೆ ಹೋಗುತ್ತಿದ್ದ ಆ ವರ್ಷ ಊರಿನ ಕುಟುಂಬದ ಮನೆ ರಿಪೇರಿಯಾಗುತ್ತಿತ್ತು. ಮುತ್ತಜ್ಜನ ಹಿಂದೆ ಇತ್ತ ಬಂದವರನ್ನೆಲ್ಲ ಸೇರಿಸಿದ ವಂಶವೃಕ್ಷವೊಂದನ್ನು ಅಲ್ಲಿನ ಚಾವಡಿಯಲ್ಲಿ ತೂಗುಹಾಕಬೇಕೆಂದು ಹಿರಿಯರು ಮಾಮನಿಗೆ ಹೇಳಿದ್ದರು. ಅವನು ಭಾನುವಾರ ಭಾನುವಾರ ಬರತೊಡಗಿದ. ಅಜ್ಜಿ ಮೈದಾ ಅಂಟು ಕಾಯಿಸಿಕೊಟ್ಟಳು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ ನಾನು ಗೋಡೆಯಗಲದ ಕಾಗದ ಮಾಡಿದೆ. ಮಾಮ ಬರುವ ಮೊದಲೇ ನನ್ನ ಜಾಣತನವೂ ಶುರುವಾಗಿತ್ತು. ಇತಿಹಾಸದ ಪುಸ್ತಕದಲ್ಲಿ ರಾಜರ ವಂಶ ಬರೆಯುವ ಹಾಗೆ ತುದಿಯಲ್ಲಿ ಮುತ್ತಜ್ಜ, ಪಕ್ಕದಲ್ಲಿ ಚಂದ್ರಭಾಗಾ, ಕೆಳಗೆ ಅಜ್ಜಿ, ಅಮ್ಮ, ನಾನು. ಸುತ್ತ ಹಸಿರು ಎಲೆಗಳು. ಮಾಮ ಕನ್ನಡಕ ಏರಿಸಿ ನೋಡಿ ನಕ್ಕುಬಿಟ್ಟ.

"ನಮ್ಮದ್ರಲ್ಲಿ ಹೀಗಲ್ಲ ಮಗಾ. ಬಳಿ ಅಮ್ಮನಿಂದ ಬರೂದು. ತಂಗಿಯಿಂದ ಶುರು ಮಾಡ್ಬೇಕು."

ಅಳಿಯಸಂತಾನದವರ ಲೆಕ್ಕವೇ ಬೇರೆ. ಗಂಡಸಿನ ಮಕ್ಕಳು ಅವನ ಕುಟುಂಬಕ್ಕಲ್ಲ, ತಾಯಿಯ ಬಳಿಗೆ, ಎಂದರೆ ಅವಳ ಕುಲಕ್ಕೆ, ಸೇರಿದವರು. ಮಾಮ ಕಾಗದವನ್ನು ಮಗುಚಿ ಹಾಕಿ, ಊರು ಬಿಟ್ಟು ಕದಲದಿದ್ದ ಮುತ್ತಜ್ಜನ ಆ ತಂಗಿಯನ್ನು ಬುಡದಲ್ಲಿ ಬರೆದ. ಮುತ್ತಜ್ಜ ಅವಳ ಪಕ್ಕದಲ್ಲೊಂದು ಕುಡಿಯಿಲ್ಲದ ರೆಂಬೆಯಾದ. ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳು ದಾಟಿ ಕಾಗದದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು, ಫ್ಯಾನಿನ ಗಾಳಿಗೆ ಅಂಚುಗಳು ಏಳುತ್ತಿದ್ದವು, ಹೆಸರುಗಳು ಒಂದೊಂದಾಗಿ ಬಂದು ಕೂತುಕೊಳ್ಳುತ್ತಿದ್ದವು. ಅಜ್ಜಿಗೆ ಕನ್ನಡ ಓದಲು ಬಾರದು. ಪ್ರತಿ ಭಾನುವಾರ ಕೈ ಒರೆಸಿಕೊಂಡು ಬಂದು, ಎಲ್ಲವನ್ನೂ ಓದಿ ಹೇಳು ಎನ್ನುತ್ತಿದ್ದಳು. ಯಾರು ಅಟ್ಟದ ಯಾವ ಮೂಲೆಯಲ್ಲಿ ಮಲಗುತ್ತಿದ್ದ, ಯಾರಿಗೆ ಹುಳಿ ಆಗದು ಎಂದು ನಡುವೆ ಸೇರಿಸುತ್ತಾ ಕೊನೆಯ ಹೆಸರಿನವರೆಗೂ ನಿಂತೇ ಕೇಳುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಯಾವ ಹೆಸರಿಗೆಂದು ನನಗೂ ತಿಳಿಯಿತು. ಅಜ್ಜಿ ಎಲ್ಲಿ ಬರುತ್ತಾಳೆ ಎಂದು ಒಂದು ದಿನ ನಾನೇ ಮರಾಠಿಯಲ್ಲಿ ಕೇಳಿಬಿಟ್ಟೆ. ಮಾಮ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತ. ತಾಯಿ ಮರಾಠಿಯವಳಾದ್ದರಿಂದ ಅಜ್ಜಿಗೆ ಬಳಿಯೇ ಇರಲಿಲ್ಲ. ಅಜ್ಜಿಗಿಲ್ಲದ್ದು ಅಮ್ಮನಿಗೂ ಇಲ್ಲ, ನನಗೂ ಇಲ್ಲ.

ಊರಲ್ಲಿ ಕೇಳಿ ಬರುತ್ತೇನೆಂದು ಅವನು ಹೋದ. ವಾಪಸು ಬಂದವನು ಹಿರಿಯರು ಒಪ್ಪಲಿಲ್ಲ ಎಂದ. ಮೂಲೆಯಲ್ಲಿ ಸಣ್ಣದಾಗಿ ಬರೆಯಲೇ ಅತ್ತೆ ಎಂದು ಕೇಳಿದ. ಅಷ್ಟರಲ್ಲಿ ರೈಲು ಬಂತು. ಅಜ್ಜಿ ಅದು ಹೋಗುವವರೆಗೆ ಕಾದಳು.

"ರಾಹೂ ದೇ ಮಾರಾಯ, ಇರ್ಲಿ ಬಿಡು. ಕೂತು ಉಂಡವರ ಹೆಸರೆಲ್ಲ ಬರೆದಾಯ್ತಲ್ಲ. ಬಡಿಸಿದವರದ್ದು ಎಂತಕ್ಕೆ?"

ಸಿಟ್ಟಿನಿಂದ ಅಂದದ್ದಲ್ಲ. ಅನ್ನದ ಪಾತ್ರೆ ತರಲು ಏಳುತ್ತಾ ಅಂದದ್ದು. ಸಿಟ್ಟು ಬಂದದ್ದು ನನಗೆ, ಅದು ಇಂದಿಗೂ ಪೂರ್ತಿ ಇಳಿದಿಲ್ಲ. ವಂಶವೃಕ್ಷದ ನಕಲು ಊರಿನ ಚಾವಡಿಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿತು. ಮಾಮ ಮಾತ್ರ ಆ ದಿನ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಕೆಲವು ವರ್ಷಗಳಲ್ಲಿ ಅಜ್ಜಿ ತೀರಿಕೊಂಡಳು. ಅವಳ ಮನೆಯಿದ್ದ ಚಾಳು ಬಿಲ್ಡರನ ಕೈ ಸೇರಿತು, ಅಟ್ಟ ಇದ್ದ ಎತ್ತರದಲ್ಲಿ ಈಗ ಯಾರದೋ ಪಾರ್ಕಿಂಗು. ಅಜ್ಜಿ ಹೋದ ನಂತರದ ದೀಪಾವಳಿಗೆ ಮಾಮ ಅಮ್ಮನನ್ನೂ ನನ್ನನ್ನೂ ಘಣಸೋಲಿಯ ತನ್ನ ಮನೆಗೆ ಕರೆದ. ಹಬ್ಬದ ಹೊತ್ತಿಗೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ, ಹೆಸರು ಹೇಳಿ ಬಡಿಸುವುದು ನಮ್ಮವರ ಕ್ರಮ, ಬಳಿಯವರಿಗೆ ಮಾತ್ರ. ಅವನ ಕೋಣೆಯಲ್ಲಿ ಎಲೆಗಳ ಸಾಲು ಹಾಸಿತ್ತು. ಸಾಲಿನ ಕೊನೆಯಲ್ಲಲ್ಲ, ಎಲ್ಲಕ್ಕಿಂತ ಮೊದಲು, ಎರಡು ಎಲೆ ಹೆಚ್ಚಿದ್ದವು. ಊರಿನವರಿಗೆ ಗೊತ್ತಾದರೆ ಎಂದು ಅಮ್ಮ ಶುರು ಮಾಡಿದ್ದನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಸೌಟು ತಂದು ನನ್ನ ಕೈಗೆ ಕೊಟ್ಟ.

"ಹೆಸರು ಹೇಳಿ ಬಡಿಸು ಮಗಾ. ಅವರು ಬಡಿಸಿದ್ದು ಸಾಕು, ಇವತ್ತು ಕೂತು ಉಣ್ಲಿ."

ಚಂದ್ರಭಾಗಾ ಎಂದೆ, ಸುಮತಿ ಎಂದೆ. ಕುಚ್ಚಲಕ್ಕಿಯ ಆವಿಗೆ ಕಣ್ಣು ಮಂಜಾಯಿತೆಂದು ಹೇಳಿದರೆ ಸುಳ್ಳಾದೀತು, ನಾನು ಅತ್ತುಬಿಟ್ಟೆ.

ಈಗ ಮಾಮನೂ ಇಲ್ಲ. ಕ್ಯಾಲೆಂಡರಿನ ಆ ಕಾಗದದ ಸುರುಳಿ ನನ್ನ ಕಪಾಟಿನ ಮೇಲಿದೆ, ಒಂದು ಬದಿಗೆ ಅವನ ಮರ, ಇನ್ನೊಂದು ಬದಿಗೆ ನಾನು ತಪ್ಪಾಗಿ ಬರೆದದ್ದು. ಆಕಾಶಬುಟ್ಟಿ ಕಟ್ಟಿದ ಮೇಲೆ ನಾನು ಮೂರು ಎಲೆ ಹಾಕುತ್ತೇನೆ. ಮೂರನೆಯದು ಭೋಜ ಮಾಮನದು. ಅವನು ನನ್ನ ಬಳಿಯವನಲ್ಲ, ನನಗೆ ಬಳಿಯೇ ಇಲ್ಲ. ಅವನ ಎಲೆಗೆ ಅನ್ನ ಎರಡು ಸಲ ಹಾಕುತ್ತೇನೆ.