ಭಾವನ ಗೇಣು

ನನ್ನ ತಲೆಯಿಂದ ಲೋಕಕ್ಕೆ ಏನಾದರೂ ಉಪಯೋಗವಾದೀತು ಎಂದು ನಂಬಿದವರು ನನ್ನ ಭಾವ ಒಬ್ಬರೇ. ನಂಬಿ ಕೆಟ್ಟರು.

ಅಕ್ಕನ ಗಂಡನಾದ ಈ ಭಾವ ಆಸ್ಪತ್ರೆಯಲ್ಲಿ ಇಇಜಿ ತೆಗೆಯುವವರು. ರೋಗಿಯ ತಲೆಯ ಮೇಲೆ ಅಲ್ಲಲ್ಲಿ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ವೈರನ್ನು ಯಂತ್ರಕ್ಕೆ ಸಿಕ್ಕಿಸಿದರೆ, ಮಿದುಳಿನ ಅಲೆಗಳು ಪರದೆಯ ಮೇಲೆ ಗೀಚಿಕೊಂಡು ಹೋಗುತ್ತವೆ. ಮೂರ್ಛೆ ಮಿದುಳಿನ ಯಾವ ಮೂಲೆಯಿಂದ ಏಳುತ್ತದೆ ಎಂದು ಡಾಕ್ಟರು ಅದನ್ನು ನೋಡಿ ಹೇಳುತ್ತಾರೆ. ಬಿಲ್ಲೆ ಕೂತ ಜಾಗ ತಪ್ಪಿದರೆ ಡಾಕ್ಟರ ಮಾತೂ ತಪ್ಪಬಹುದು.

"ಊರವರ ಮಿದುಳೆಲ್ಲ ನೋಡ್ತಾರೆ. ಅಂಗಡಿಗೆ ಕಳಿಸಿದ್ರೆ ಏನಕ್ಕೆ ಬಂದೆ ಅಂತ ಅಲ್ಲಿಂದ ಫೋನ್ ಮಾಡ್ತಾರೆ" ಎನ್ನುವುದು ಅಕ್ಕನ ವರದಿ.

ಭಾವ ಈ ಕೆಲಸಕ್ಕೆ ಬಂದದ್ದು ಕಾಲೇಜಿನ ಬಾಗಿಲಿಂದಲ್ಲ. ಗಾಲಿಕುರ್ಚಿ ತಳ್ಳಿಕೊಂಡು ಆ ಕೋಣೆಗೆ ಹೋದವರು ಅಲ್ಲೇ ಉಳಿದುಬಿಟ್ಟರು. ಹಳೆಯ ಟೆಕ್ನಿಷಿಯನ್ ಒಬ್ಬರು ಕಲಿಸಿದರು. ನಿಯಮದ ಪ್ರಕಾರ ಮೂಗಿನ ಬುಡದಿಂದ ಹಿಂದಲೆಯ ಗಂಟಿನವರೆಗೆ ಟೇಪಿನಲ್ಲಿ ಅಳೆದು, ಪಾಲು ಮಾಡಿ, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಗುರುಗಳು ಮಾತ್ರ ಗೇಣು ಹಾಕುತ್ತಿದ್ದರು. ತಲೆ ಚಿಕ್ಕದಾದರೆ ಎಷ್ಟು ಬೆರಳು ಕಮ್ಮಿ ಎಂಬುದು ಕಣ್ಣಿಗೇ ಗೊತ್ತು. ಶಿಷ್ಯನೂ ಅದನ್ನೇ ಹಿಡಿದ. ಮೊದಮೊದಲು ಟೇಪು ಹಿಡಿದು ತಾಳೆ ನೋಡುತ್ತಿದ್ದರಂತೆ. ಪ್ರತಿ ಸಲವೂ ಕೂದಲೆಳೆ ಆಚೀಚೆ ಆಗದೆ ಸರಿ ಬಂದ ಮೇಲೆ ಟೇಪು ಡ್ರಾಯರಿನಲ್ಲಿ ಮಲಗಿತು.

ಈಗ ಅದೇ ಕೆಲಸಕ್ಕೆ ಡಿಗ್ರಿ ಬಂದಿದೆ. ಡಿಗ್ರಿ ಇಲ್ಲದವರು ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಬೇಕು, ಇಲ್ಲದಿದ್ದರೆ ತಲೆ ಮುಟ್ಟುವಂತಿಲ್ಲ ಎಂದು ಆಸ್ಪತ್ರೆ ಹೇಳಿತು. ಪರೀಕ್ಷೆಗೆ ತಲೆ ನಾವೇ ಒಯ್ಯಬೇಕು.

"ನಿಂದೇ ಸರಿ ಕಣಯ್ಯ. ಕೂದಲು ಬಿಡಿಸೋ ತಾಪತ್ರಯ ಇಲ್ಲ" ಎಂದರು ಭಾವ.

"ಒಳಗೆ ಏನೂ ಸಿಗದಿದ್ರೆ?"

"ಯಂತ್ರ ಹಚ್ಚಲ್ಲ, ಹೆದರಬೇಡ. ನಿನ್ನ ಮಾನ ಉಳೀತದೆ."

ಪರೀಕ್ಷಕಿಗೆ ಭಾವನ ಮಗಳ ವಯಸ್ಸು. ಭಾವ ಟೇಪನ್ನು ಮೇಜಿನ ಅಂಚಿಗೆ ಸರಿಸಿದರು. "ಮೇಡಂ, ನನ್ನ ಕೈಯೇ ಟೇಪು."

"ಆಗ್ಲಿ ಸರ್. ಕೈಯಲ್ಲೇ ಗುರುತು ಹಾಕಿ. ಆಮೇಲೆ ಟೇಪಲ್ಲಿ ನೋಡೋಣ."

ಬೆರಳುಗಳು ನನ್ನ ಬೋಳಿನ ಮೇಲೆ ಹೊಲ ಬಲ್ಲ ಎತ್ತಿನಂತೆ ನಡೆದವು. ಆಕೆ ಟೇಪು ಹಿಡಿದಳು. ನಟ್ಟನಡುವೆ ಇರಬೇಕಾದ ನೆತ್ತಿಯ ಗುರುತು ಒಂದು ಹೆಬ್ಬೆರಳಿನ ಅಗಲದಷ್ಟು ಮುಂದಿತ್ತು. ಅದರ ಹಿಂದಿನವೂ ಹಾಗೆಯೇ.

"ತಲೆ ಅಲ್ಲಾಡಿಸಿದ್ಯೇನೋ?"

"ಅಲ್ಲಾಡಿಸಿದ್ರೆ ಗುರುತೂ ಜೊತೆಗೇ ಬರ್ತಿತ್ತಲ್ಲ ಭಾವ."

ಒರೆಸಿ ಮತ್ತೆ ಹಾಕಿದರು. ಮತ್ತೆ ಅಷ್ಟೇ ಮುಂದೆ. ಆಗ ಭಾವ ಅಂಗೈಯನ್ನು ಮೇಜಿನ ಮೇಲಿಟ್ಟು ಅಗಲಿಸಿ ನೋಡಿದರು. ಕಿರುಬೆರಳು ಒಂದು ಕಡೆ ಬಂದು ನಿಂತುಬಿಟ್ಟಿತು. ಇನ್ನೊಂದು ಕೈಯಿಂದ ಎಳೆದರು. ಬರಲಿಲ್ಲ. ಬೆಳಿಗ್ಗೆ ಬೆರಳು ಮರಗಟ್ಟುತ್ತದೆ ಎಂದು ಅವರು ಹೇಳುತ್ತಿದ್ದುದು ನಿಜ. ಮನೆಯಲ್ಲಿ ನಾವೆಲ್ಲ ಚಳಿಯ ಮೇಲೆ ಹಾಕಿ ಸುಮ್ಮನಿದ್ದೆವು.

"ಮುಂದಿನ ವರ್ಷ ಬನ್ನಿ ಸರ್. ಟೇಪಲ್ಲಿ ಮಾಡಿದ್ರೆ ಖಂಡಿತ ಪಾಸಾಗ್ತೀರಿ" ಎಂದಳು ಆಕೆ. ಒಳ್ಳೆಯ ಹುಡುಗಿ. ಬೈದುಕೊಳ್ಳೋಣ ಎಂದರೆ ಅದಕ್ಕೂ ದಾರಿ ಬಿಡಲಿಲ್ಲ.

ಬಸ್ಸಿನಲ್ಲಿ ನನ್ನ ಬೋಳಿನ ಮೇಲೆ ಕೆಂಪು ಚುಕ್ಕೆಗಳು ಹಾಗೇ ಇದ್ದವು. ಜನ ನೋಡಿ ನಗುತ್ತಿದ್ದರು. ನಾನೂ ನನ್ನ ಪಾಲಿನ ಸಮಾಧಾನಕ್ಕೆ ಕೈಹಾಕಿದೆ. "ಒಂದು ಹೆಬ್ಬೆರಳು ತಾನೆ ಭಾವ. ಮುಂದಿನ ಸಲ ನೋಡಿಕೊಂಡರಾಯ್ತು."

"ಗೇಣು ಒಂದೇ ದಿನಕ್ಕೆ ಕುಗ್ಗಲ್ಲ ಕಣಯ್ಯ. ಎಷ್ಟು ವರ್ಷದಿಂದ ಅನ್ನೋದೇ ಗೊತ್ತಿಲ್ಲ."

ಆಮೇಲೆ ಅಕ್ಕ ಕೇಳಿದ್ದಕ್ಕೆ "ಆಗಲಿಲ್ಲ" ಎಂದಷ್ಟೇ ಹೇಳಿದರು. ಅಕ್ಕ ಅವತ್ತು ಗೇಲಿ ಬಿಟ್ಟು ಕಾಫಿಗೆ ನೀರಿಟ್ಟಳು.

ಭಾವ ಮತ್ತೆ ಪರೀಕ್ಷೆಗೆ ಅರ್ಜಿ ಹಾಕಲಿಲ್ಲ. ಈಗ ಅದೇ ಕೋಣೆಯ ಹೊರಗೆ ಕೂತು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರನ್ನು ತೊಳೆದುಕೊಂಡು ಬರಲು ಕಳಿಸುತ್ತಾರೆ. ತಾವು ಹಿಂದೆ ಇಇಜಿ ತೆಗೆದ ಹಳಬರು ಯಾರಾದರೂ ಬಂದರೆ, "ಡಾಕ್ಟರ ಹತ್ರ ಹೇಳಿ ಇನ್ನೊಂದ್ಸಲ ತೆಗೆಸಿಬಿಡಿ" ಎನ್ನುತ್ತಾರಂತೆ. ದೂರು ಹೋಗಿ, ಡಾಕ್ಟರೇ ಕರೆಸಿ ಹೇಳಿದರಂತೆ: "ಅಷ್ಟು ಆಚೀಚೆಗೆ ಏನೂ ಆಗಿರಲ್ಲ. ಧೈರ್ಯವಾಗಿರಿ."

"ಮತ್ತಿನ್ನೇನು ಭಾವ, ಡಾಕ್ಟರೇ ಹೇಳಿದ ಮೇಲೆ?" ಎಂದೆ.

"ಅದು ಸಮಾಧಾನಕ್ಕೆ ಹೇಳೋ ಮಾತು. ರೋಗಿಗಳಿಗೆ ನಾನೂ ದಿನಾ ಅದನ್ನೇ ಹೇಳ್ತಿದ್ದೆ" ಎಂದರು.