ತಾರಸಿ ಸೇರದ ಎಂಟು ದೀಪ

ಮದ್ದೂರಿನ ನಮ್ಮ ಹೊಸ ಮನೆಗೆ ಯಾರಾದರೂ ಬಂದು ಕುರ್ಚಿಯ ಮೇಲೆ ಕೂತರೆ ಸಾಕು, ಅಪ್ಪ ತಾರಸಿಯತ್ತ ಬೆರಳು ತೋರಿಸಿ ಶುರುಮಾಡುತ್ತಾರೆ: "ಅಲ್ಲಿ ಎಂಟು ದೀಪ ಹೂಳಿಸ್ಬೇಕು ಅಂತಿದ್ದೆ. ನಮ್ ಹುಡುಗಿ ಕಾಲೇಜಲ್ಲಿ ಡಿಬೇಟು ಮಾಡ್ತಾಳಲ್ಲ, ವಾದ ಮಾಡಿ ನನ್ ಮನಸ್ಸೇ ತಿರುಗಿಸ್ಬುಟ್ಲು." ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ಕೋಡುಬಳೆಯ ತಟ್ಟೆ ಹಿಡಿದು ನಿಂತ ನಾನು ವಿನಯದಿಂದ ನೆಲ ನೋಡುತ್ತೇನೆ.

ಕಥೆ ಚೆನ್ನಾಗಿದೆ. ನಿಜವಲ್ಲ, ಅಷ್ಟೆ. ಭಾರತೀನಗರದ ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಕಂಡಕಂಡವರ ಮಾತನ್ನೆಲ್ಲ ಅನುಮಾನಿಸಿ ಬೆಳೆದವಳು ನಾನು. ನನ್ನನ್ನು ಹೊಗಳುವ ಮಾತು ಬಂದಾಗ ಮಾತ್ರ ಅನುಮಾನಕ್ಕೆ ರಜೆ ಕೊಡುವುದು ನ್ಯಾಯವಲ್ಲ. ಈ ವಿಷಯದಲ್ಲಿ ಒಂದು ವರ್ಷ ಪೂರ್ತಿ ರಜೆ ಕೊಟ್ಟಿದ್ದೆ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಯಾವುದೋ ಕಡತ ಹೊತ್ತು ಬೆಂಗಳೂರಿಗೆ ಹೋದಾಗ ಮೇಲಿನ ಅಧಿಕಾರಿಯೊಬ್ಬರು ಅವರನ್ನು ದೊಡ್ಡ ಹೋಟೆಲೊಂದಕ್ಕೆ ಕರೆದುಕೊಂಡು ಹೋದರಂತೆ. ಅಲ್ಲಿ ತಿಂದದ್ದೇನು ಎಂದು ಕೇಳಿದರೆ ಅಪ್ಪನಿಗೆ ನೆನಪಿಲ್ಲ. ಊಟ ಮುಗಿಯುವವರೆಗೂ ಅವರು ಸೂರನ್ನೇ ನೋಡುತ್ತಿದ್ದರು. "ಬೆಳಕೈತೆ, ದೀಪ ಎಲ್ಲೂ ಇಲ್ಲ ಕಣಮ್ಮಿ! ತಾರಸಿ ಒಳಗೇ ಬಚ್ಚಿಟ್ಟವ್ರೆ!" ಎಂದು ಊರಿಗೆ ಬಂದವರೇ ಹೇಳಿದರು. ನಮ್ಮ ದುರದೃಷ್ಟಕ್ಕೆ ಆಗಷ್ಟೇ ಹೊಸ ಮನೆಯ ಗೋಡೆಗಳು ಮೇಲೆದ್ದಿದ್ದವು. ತಾರಸಿಗೆ ಮೋಲ್ಡ್ ಹಾಕಲು ಹದಿನೈದು ದಿನವಿತ್ತು.

ಇಲ್ಲಿ ಅಮ್ಮನ ಸಂಗತಿ ಹೇಳಬೇಕು. ಅಮ್ಮ ಪೇಟೆಬೀದಿಯ ದರ್ಜಿಯೊಬ್ಬರ ಅಂಗಡಿಗೆ ಕಾಜ ಹೊಲಿದು, ಅಂಚು ಮಡಿಸಿ ಕೊಡುತ್ತಾರೆ. ಹಗಲೆಲ್ಲ ಮನೆಗೆಲಸ, ಸೂಜಿ ಹಿಡಿಯುವುದು ದೀಪ ಹಚ್ಚಿದ ಮೇಲೆ. ಬಾಡಿಗೆ ಮನೆಯಲ್ಲಿ ನಡುಮನೆಯ ನಟ್ಟನಡುವೆ ಒಂದು ಬಲ್ಬು ನೇತಾಡುತ್ತಿತ್ತು, ಅಮ್ಮ ಕೂರುವುದು ಗೋಡೆ ಪಕ್ಕದಲ್ಲಿ. ಬಲ್ಬಿನತ್ತ ತಿರುಗಿದರೆ ಕಣ್ಣು ಕುಕ್ಕುತ್ತಿತ್ತು, ಇತ್ತ ತಿರುಗಿದರೆ ಅವರದೇ ನೆರಳು ಅವರ ಬಟ್ಟೆಯ ಮೇಲೆ ಬೀಳುತ್ತಿತ್ತು. ಇಪ್ಪತ್ತು ವರ್ಷ ಹಾಗೆ ಹೊಲಿದು ಕಣ್ಣು ಸೋತಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದ್ದರು. ಹೊಸ ಮನೆಯಲ್ಲಿ ಅವರು ಬಯಸಿದ್ದು ಒಂದೇ: ತಾವು ಕೂತ ಕಡೆ ಬೆಳಕು ಬೀಳಬೇಕು. ಕಾಂಕ್ರೀಟಿನಲ್ಲಿ ಹೂತ ದೀಪ ಹೂತಲ್ಲೇ ಇರುತ್ತದೆ. ಒಂದು ಸಲ ತಪ್ಪಿದರೆ ಅವರ ಮಿಕ್ಕ ಆಯಸ್ಸೆಲ್ಲ ಮತ್ತೆ ನೆರಳಿನಲ್ಲೇ.

ಇಟ್ಟಿಗೆ ರಾಶಿಯ ಮೇಲೆ ಕೂತು ಸಭೆ ನಡೆಸಿದೆವು. ವೈರಿಂಗ್ ಮಾಡಲು ಮಳವಳ್ಳಿಯಿಂದ ಬಂದಿದ್ದ ಖಾಸಿಂ ಸಾಬರು ಮೊದಲು ಮಾತಾಡಿದರು. "ಸ್ವಾಮಿ, ತಾರಸಿ ಐದಿಂಚು. ಅದ್ರಲ್ಲಿ ನಾಕಿಂಚು ದೀಪದ ಪೆಟ್ಗೆ ಹೂತ್ರೆ ಉಳ್ಯೋದೆಷ್ಟು? ಮಳೆ ಬಂದ್ರೆ ನಿಮ್ ದೀಪಕ್ಕೆ ದಿನಾ ಸ್ನಾನ."

"ಪೆಟ್ಗೆ ಇರೋ ಕಡೆ ಮೇಲ್ಗಡೆ ಸ್ವಲ್ಪ ದಪ್ಪ ಹಾಕುಸ್ತೀನಿ, ಬುಡಿ" ಎಂದರು ಅಪ್ಪ.

"ಹಂಗಾದ್ರೆ ಮೇಲೆ ಎಂಟು ಹುತ್ತ ಏಳ್ತವೆ. ಅಮ್ಮಾವ್ರು ಸಂಡಿಗೆ ಎಲ್ಲಿ ಒಣಗಾಕ್ಬೇಕು?"

ಆಮೇಲೆ ನಾನು ಎದ್ದು ನಿಂತೆ. ಇಟ್ಟಿಗೆ ರಾಶಿಯ ಮುಂದೆ ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ಅಭ್ಯಾಸ. ದೀಪ ಬೇರೆಯದನ್ನು ತೋರಿಸುವುದರ ಜೊತೆಗೆ ತನ್ನನ್ನೂ ತಾನೇ ತೋರಿಸಿಕೊಳ್ಳುತ್ತದೆ, ದೀಪವನ್ನು ನೋಡಲು ಇನ್ನೊಂದು ದೀಪ ಬೇಡ ಎನ್ನುವುದು ತರ್ಕಶಾಸ್ತ್ರದವರ ಪ್ರಿಯವಾದ ಉದಾಹರಣೆ. ತಾರಸಿಯಲ್ಲಿ ಅಡಗಿ ಕೂತ ದೀಪ ಆ ಪಂಡಿತರ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲವೇ ಎಂದು ಕೇಳಿದೆ. ಗರ್ಭಗುಡಿಯಲ್ಲಿ ದೇವರಷ್ಟೇ ನಂದಾದೀಪವೂ ಕಾಣುತ್ತದೆ, ಯಾವ ಅರ್ಚಕರೂ ಅದನ್ನು ಗೋಡೆಯೊಳಗೆ ಬಚ್ಚಿಟ್ಟಿಲ್ಲ ಎಂದೆ. ಮುಸ್ಸಂಜೆ ಸ್ವಿಚ್ಚು ಒತ್ತಿ ಬಲ್ಬಿಗೆ ಕೈಮುಗಿಯುವ ಪದ್ಧತಿ ನಮ್ಮ ಮನೆಯಲ್ಲಿ ಇನ್ನೂ ಇದೆ. ನಾನು ನಂಬುವುದಿಲ್ಲ, ಆದರೂ ಕೈ ತಾನಾಗಿ ಮೇಲೆ ಹೋಗುತ್ತದೆ. "ಎಂಟು ಕಡೆ ದೀಪ ಬಚ್ಚಿಟ್ರೆ ಅಮ್ಮ ಗಿರಗಿರ ತಿರುಗಿ ಎಂಟು ಸಲ ಕೈಮುಗೀಬೇಕಾ?" ಎಂದಾಗ ಖಾಸಿಂ ಸಾಬರು ಚಪ್ಪಾಳೆ ತಟ್ಟಿದರು.

ಖಂಡನೆ ಆದ ಮೇಲೆ ಮಂಡನೆ ಆಗಬೇಕಲ್ಲ. ಬದಲಿಗೆ ಯಾವ ದೀಪ ಎಂಬಲ್ಲಿ ಸಭೆ ಕೆಟ್ಟಿತು. ನಾನು ಟ್ಯೂಬ್‌ಲೈಟಿನ ಪರ ನಿಂತೆ, ಅದು ಆಧುನಿಕ ಎಂಬ ಒಂದೇ ಕಾರಣಕ್ಕೆ. "ಟೂಬ್‌ಲೈಟಲ್ಲಿ ಮದುಮಗಳೂ ಕಾಯಿಲೆಯವಳ ಥರ ಕಾಣ್ತಾಳೆ" ಎಂದರು ಅಪ್ಪ. ಗೋಡೆಗೆ ಉಮ್ಮತ್ತಿ ಹೂವಿನಂಥ ಗಾಜಿನ ದೀಪಗಳು ಬರುತ್ತವಲ್ಲ, ಅವು ಆಗಲಿ ಎಂದೆ. ಅವುಗಳೊಳಗೆ ಹುಳು ಬಿದ್ದು, ಹುಳು ತಿನ್ನಲು ಹಲ್ಲಿ ಬಂದು ಸಂಸಾರ ಹೂಡುತ್ತದೆ ಎಂದರು ಖಾಸಿಂ ಸಾಬರು. ಹೀಗೆ ಒಂದು ಗಂಟೆ ಬೆಳಕಿನ ಬಗ್ಗೆ ಕತ್ತಿ ಮಸೆದೆವು. ಅಮ್ಮ ಒಮ್ಮೆ "ನಾನು ಕೂತ್ಕೊಳೋ ತಾವು ಬೆಳಕು ಬಿದ್ರೆ ಸಾಕು ಕಣ್ರೀ" ಎಂದದ್ದು ಎಲ್ಲರ ಕಿವಿಗೂ ಬಿತ್ತು. ಯಾರೂ ಅದನ್ನು ಹಿಡಿದು ಮುಂದೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅಮ್ಮನ ಪರವಾಗಿ ವಾದಿಸುತ್ತಿದ್ದೇನೆ ಎಂದುಕೊಂಡಿದ್ದ ನನಗೆ ಅಮ್ಮನ ಮಾತು ಕೇಳಲು ಪುರುಸೊತ್ತಿರಲಿಲ್ಲ.

ಕೊನೆಗೆ ಅಪ್ಪ ತೀರ್ಪು ಕೊಟ್ಟರು. "ವಾದ ಚೆನ್ನಾಗೈತೆ ಕಣಮ್ಮಿ. ಕಾಲೇಜಲ್ಲಿ ಮಾಡು, ಕಪ್ಪು ಕೊಡ್ತಾರೆ." ಮಾರನೆಯ ದಿನವೇ ಬಡಗಿಗೆ ಹೇಳಿ ಎಂಟು ಮರದ ಪೆಟ್ಟಿಗೆ ಮಾಡಿಸಿದರು. ಪ್ರತಿಯೊಂದರ ತಳದಲ್ಲೂ ಬಲ್ಬಿಗೆಂದು ದುಂಡನೆಯ ತೂತು. ಇದನ್ನು ನಾನು ಗೆದ್ದ ವಾದ ಎನ್ನುವವರು ಗೆಲುವಿನ ಅರ್ಥವನ್ನು ದಯವಿಟ್ಟು ಹೇಳಬೇಕು.

ಮೋಲ್ಡ್ ಹಾಕುವ ದಿನ ಕೆಲಸದವರಿಗೆಲ್ಲ ಮನೆಯವರೇ ಸಿಹಿ ಮಾಡಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ಅಮ್ಮ ಬೆಳಕು ಹರಿಯುವ ಮುಂಚೆಯೇ ಹೋಗಿ, ಕಟ್ಟಡದ ಹಿಂದೆ ಮೂರು ಕಲ್ಲಿನ ಒಲೆ ಹೂಡಿ ಪಾಯಸಕ್ಕೆ ಇಟ್ಟಿದ್ದರು. ಏಳು ಗಂಟೆಗೆ ನಾವು ಹೋದಾಗ ಹೆಣ್ಣಾಳುಗಳು ಬಾಂಡ್ಲಿ ಹಿಡಿದು ಸಾಲಾಗಿ ನಿಂತಿದ್ದರು, ಸಿಮೆಂಟಿಗೆ ನೀರು ಬಿದ್ದಿತ್ತು. ಖಾಸಿಂ ಸಾಬರು ಕಂಬಿಯ ಮೇಲಿಂದ ಕೂಗಿದರು: "ಪೆಟ್ಗೆ ಎಲ್ಲಿ ಸ್ವಾಮಿ?"

ಸಿಮೆಂಟು ಇಡುವ ಶೆಡ್ಡಿನ ಪಕ್ಕ ಜೋಡಿಸಿಟ್ಟಿದ್ದ ಪೆಟ್ಟಿಗೆಗಳಲ್ಲಿ ಒಂದೂ ಇರಲಿಲ್ಲ. ಹುಡುಕುತ್ತ ಹಿಂದಕ್ಕೆ ಹೋದರೆ, ಏಳು ಬೂದಿಯಾಗಿ ಎಂಟನೆಯದು ಒಲೆಯಲ್ಲಿತ್ತು. ಬಡಗಿ ಅಷ್ಟು ನಾಜೂಕಾಗಿ ಕೊರೆದ ದುಂಡನೆಯ ತೂತಿನಿಂದ ಬೆಂಕಿ ಇಣುಕಿ ನೋಡುತ್ತಿತ್ತು. ಅಪ್ಪ ಹೋಟೆಲಿನಲ್ಲಿ ಕಂಡ ಬೆಳಕು ಅದೇ ಇದ್ದಿರಬೇಕು, ಜಾಗ ಮಾತ್ರ ಬೇರೆ.

"ಅಯ್ಯೋ, ಸೌದೆ ಅಂತಿದ್ದೆ ಕಣ್ರೀ!" ಎಂದರು ಅಮ್ಮ. "ಮಬ್ಬಿಗೆ ಏನೂ ಕಾಣ್ನಿಲ್ಲ. ನನ್ ಕಣ್ಣು ಹೆಂಗೈತೆ ಅಂತ ನಿಮ್ಗೆ ಗೊತ್ತಲ್ಲ."

ಕಲಸಿದ ಕಾಂಕ್ರೀಟು ಬಡಗಿಗಾಗಿ ಕಾಯುವುದಿಲ್ಲ. ಅಪ್ಪ ಒಲೆ ನೋಡಿದರು, ಅಮ್ಮನನ್ನು ನೋಡಿದರು, ಆಮೇಲೆ ಕೆಲಸದವರತ್ತ ತಿರುಗಿ "ಹಾಕ್ರಪ್ಪಾ" ಎಂದರು. ಮಧ್ಯಾಹ್ನ ಪಾಯಸ ಉಣ್ಣುತ್ತ ಮೇಸ್ತ್ರಿಗೆ, "ನಮ್ ಹುಡುಗಿ ವಾದ ಮಾಡಿ ಬೇಡ ಅನ್ನಿಸ್ಬುಟ್ಲು" ಎಂದಾಗ ಈ ಕಥೆ ಮೊದಲ ಸಲ ಹುಟ್ಟಿತು. ಗಂಡಸರಿಗೆ ಒಲೆಯ ಮುಂದೆ ಸೋಲುವುದಕ್ಕಿಂತ ಮಗಳ ವಿದ್ಯೆಯ ಮುಂದೆ ಸೋಲುವುದು ಹಗುರ ಎಂದು ಕಾಣುತ್ತದೆ.

ಈಗ ನಡುಮನೆಯಲ್ಲಿ ಒಂದೇ ದೀಪವಿದೆ. ಖಾಸಿಂ ಸಾಬರು ಅಮ್ಮನನ್ನು ಗೋಡೆ ಪಕ್ಕ ಕೂರಿಸಿ, ಸೂಜಿ ಕೈಗೆ ಕೊಟ್ಟು, ನೆರಳು ಎತ್ತ ಬೀಳುತ್ತದೆಂದು ನೋಡಿ ತಲೆಯ ಮುಂದಕ್ಕೆ ಬರುವಂತೆ ಕೊಕ್ಕೆ ಹಾಕಿದರು. ಬಲ್ಬಿಗೆ ತಗಡಿನ ಟೋಪಿ, ತಂತಿಗೆ ಒಂದು ಪುಟ್ಟ ರಾಟೆ. ಬೇಕಾದಾಗ ಇಳಿಸಬಹುದು, ಸಾಕಾದಾಗ ಏರಿಸಬಹುದು. ಇಷ್ಟಕ್ಕೆ ತರ್ಕಶಾಸ್ತ್ರ ಬೇಕಾಗಲಿಲ್ಲ. ಕೂತವರನ್ನು ಕೇಳಿದರೆ ಸಾಕಾಯಿತು. ದಾರ ಪೋಣಿಸಲು ಅಮ್ಮ ಈಗ ನನ್ನನ್ನು ಕರೆಯುವುದಿಲ್ಲ; ಇದರಿಂದ ನನಗೆ ಸ್ವಲ್ಪ ಬೇಜಾರೂ ಆಗಿದೆ.

ನಿನ್ನೆ ಸಂಜೆ ಯಾರೋ ನೆಂಟರು ಬಂದು, ಅಪ್ಪನ ಕಥೆ ಕೇಳಿ, ನನ್ನ ಬೆನ್ನು ತಟ್ಟಿ ಹೋದರು. ಅವರು ಗೇಟು ದಾಟುವುದನ್ನೇ ಕಾದೆ. ಅಮ್ಮ ದೀಪ ಇಳಿಸಿಕೊಂಡು ಕಾಜ ಹೊಲಿಯುತ್ತಿದ್ದರು. ಎದುರಿಗೆ ಹೋಗಿ ಕೂತೆ.

"ಅಮ್ಮ, ಅವತ್ತು ಮಬ್ಬಲ್ಲಿ ಏನೂ ಕಾಣ್ನಿಲ್ಲ ಅಂದ್ಯಲ್ಲ. ಅದೇ ಮಬ್ಬಲ್ಲಿ ನೀನು ಆರಿಸಿದ ಪಾಯಸದ ಅಕ್ಕಿಲಿ ಒಂದು ಕಲ್ಲಿರ್ಲಿಲ್ಲ. ಒಲೆ ಪಕ್ಕ ಆಳೆತ್ತರ ಸರ್ವೆ ಸೌದೆ ಒಟ್ಟಿತ್ತು, ಅದ್ರಲ್ಲಿ ಒಂದು ಸೀಳೂ ನೀನು ಮುಟ್ಟಿರ್ಲಿಲ್ಲ. ಅದನ್ನ ಬಿಟ್ಟು ಶೆಡ್ಡಿನ ತಂಕ ಹೋಗಿ, ಒಂದೊಂದೇ ಪೆಟ್ಗೆ ಹೊತ್ಕೊಂಡು ಎಂಟು ಸಲ ಓಡಾಡ್ದ್ಯಲ್ಲ, ಅದು ಹೆಂಗಮ್ಮ?"